ನೀರು ಬಂತು, ಉಪ್ಪು ಉಳಿಯಿತು: ಆಲ್ಫ್ರೆಡ್ ಡೀಕಿನ್ ಅವರ ಬದುಕು

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವೆಲ್ಲ ಒಂದಲ್ಲ ಒಂದು ದಿನ ಈ ಪ್ರಯೋಗ ಮಾಡಿರುತ್ತೇವೆ. ಪಿಂಗಾಣಿ ಬಟ್ಟಲಿನಲ್ಲಿ ಸ್ವಲ್ಪ ಉಪ್ಪುನೀರು ಹಾಕಿ ಬರ್ನರ್ ಮೇಲಿಟ್ಟು ಕಾಯಿಸುತ್ತೇವೆ. ನೀರು ಆವಿಯಾಗಿ ಹೋಗುತ್ತದೆ, ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ. ಈಗ ಬಟ್ಟಲಿನ ಜಾಗದಲ್ಲಿ ಒಂದು ಹೊಲವನ್ನು, ಬರ್ನರಿನ ಜಾಗದಲ್ಲಿ ಬೇಸಿಗೆಯ ಸೂರ್ಯನನ್ನು ಇಟ್ಟು ನೋಡಿ. ನಾವು ಸಿಹಿನೀರು ಎಂದು ಕರೆಯುವ ನದಿಯ ನೀರಿನಲ್ಲೂ ಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ಬೆಳೆ ನೀರನ್ನು ಹೀರಿಕೊಳ್ಳುತ್ತದೆ. ಉಪ್ಪನ್ನು ಬಹುಪಾಲು ಮಣ್ಣಿನಲ್ಲೇ ಬಿಡುತ್ತದೆ.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಲೀಟರಿಗೆ 0.3 ಗ್ರಾಂ ಉಪ್ಪಿರುವ ನೀರನ್ನು ನಾಲಿಗೆ ಉಪ್ಪೆಂದು ಗುರುತಿಸುವುದೂ ಕಷ್ಟ. ಅಂಥ ನೀರನ್ನು ಒಂದು ಹೆಕ್ಟೇರ್ ತೋಟಕ್ಕೆ ವರ್ಷದಲ್ಲಿ ಒಟ್ಟು 1 ಮೀಟರ್ ಆಳದಷ್ಟು ಹಾಯಿಸಿದರೆ 1 ಕೋಟಿ ಲೀಟರ್ ಆಯಿತು. ಅದರೊಂದಿಗೆ ತೋಟಕ್ಕೆ ಬಂದ ಉಪ್ಪು 3 ಟನ್. ಹತ್ತು ವರ್ಷಕ್ಕೆ 30 ಟನ್. ಈ ಉಪ್ಪು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಲು ಆಸ್ಟ್ರೇಲಿಯಾದ ಮರ್ರೆ ನದಿಯ ಕಥೆ ಸಹಾಯ ಮಾಡುತ್ತದೆ. ಆ ನದಿಯ ದಂಡೆಗೆ ದೊಡ್ಡ ಪ್ರಮಾಣದ ನೀರಾವರಿಯನ್ನು ತಂದವರಲ್ಲಿ ಮೊದಲ ಹೆಸರು ಆಲ್ಫ್ರೆಡ್ ಡೀಕಿನ್ ಅವರದು. ಮೂರು ಬಾರಿ ಆ ದೇಶದ ಪ್ರಧಾನಿಯಾಗಿದ್ದವರು ಎಂದು ಇತಿಹಾಸದ ಪುಸ್ತಕಗಳು ಅವರನ್ನು ಪರಿಚಯಿಸುತ್ತವೆ. ನಮ್ಮ ದೇಶದ ಕಾಲುವೆ, ಕೆರೆಗಳನ್ನು ನೋಡಲು ಬಂದು, ಅವುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದವರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮತಪತ್ರ ಸಾಲದೆ ಹೋದ ಚುನಾವಣೆ

ಡೀಕಿನ್ ಹುಟ್ಟಿದ್ದು 1856ರ ಆಗಸ್ಟ್ 3ರಂದು, ಮೆಲ್ಬರ್ನ್ ನಗರದಲ್ಲಿ. ತಂದೆ ವಿಲಿಯಂ ಇಂಗ್ಲೆಂಡಿನಿಂದ ವಲಸೆ ಬಂದವರು. ಕುದುರೆ ಸಾರೋಟುಗಳ ಸಾರಿಗೆ ವ್ಯವಹಾರದಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಇಬ್ಬರೇ ಮಕ್ಕಳು. ಅಕ್ಕ ಕ್ಯಾಥರೀನ್ ಜೀವನದುದ್ದಕ್ಕೂ ತಮ್ಮನಿಗೆ ಆಪ್ತರಾಗಿದ್ದರು. ಬಾಲಕ ಆಲ್ಫ್ರೆಡ್‌ಗೆ ಓದಿನ ಹುಚ್ಚು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1877ರಲ್ಲಿ ವಕೀಲರಾದರು. ಆದರೆ ಕಕ್ಷಿದಾರರು ಹೆಚ್ಚಾಗಿ ಬರಲಿಲ್ಲ. ಹೊಟ್ಟೆಪಾಡಿಗೆ ಪತ್ರಿಕೆಗೆ ಬರೆಯಲು ತೊಡಗಿದರು. ‘ದಿ ಏಜ್’ ಪತ್ರಿಕೆಯ ಒಡೆಯ ಡೇವಿಡ್ ಸೈಮ್ ಈ ತರುಣನ ಪ್ರತಿಭೆಯನ್ನು ಗುರುತಿಸಿ ರಾಜಕೀಯಕ್ಕೆ ತಂದರು.

1879ರಲ್ಲಿ, ಇನ್ನೂ 22ರ ವಯಸ್ಸಿನಲ್ಲಿ, ಡೀಕಿನ್ ವಿಕ್ಟೋರಿಯಾ ವಸಾಹತಿನ ಶಾಸನಸಭೆಯ ಉಪಚುನಾವಣೆಯಲ್ಲಿ ಕೆಲವೇ ಮತಗಳ ಅಂತರದಿಂದ ಗೆದ್ದರು. ಆದರೆ ಒಂದು ಮತಗಟ್ಟೆಯಲ್ಲಿ ಮತಪತ್ರಗಳು ಸಾಲದೆ ಕೆಲವರು ಮತ ಹಾಕದೆ ಹಿಂದಿರುಗಿದ್ದರು. ಗೆಲುವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಆದರೂ ಡೀಕಿನ್ ಸಭೆಯಲ್ಲಿ ಮಾಡಿದ ಮೊದಲ ಭಾಷಣದಲ್ಲೇ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮತ್ತೆ ಚುನಾವಣೆಗೆ ನಿಂತು ಸೋತರು. 1880ರಲ್ಲಿ ಮತ್ತೊಮ್ಮೆ ಗೆದ್ದು ಬಂದರು. ಲೆಕ್ಕ ಸರಿಯಿಲ್ಲದ ಗೆಲುವು ತನಗೆ ಬೇಡ ಎಂಬ ಈ ಮನೋಭಾವವನ್ನು ನೆನಪಿನಲ್ಲಿಟ್ಟುಕೊಳ್ಳೋಣ. ಮುಂದೆ ನೀರಿನ ವಿಷಯದಲ್ಲಿ ಇದೇ ಮಾತು ಬೇರೆ ರೀತಿಯಲ್ಲಿ ಎದುರಾಗುತ್ತದೆ.

ಬರಗಾಲ ಕಲಿಸಿದ ಪಾಠ

ಆಗ ವಿಕ್ಟೋರಿಯಾದ ಉತ್ತರ ಭಾಗದಲ್ಲಿ ಹೊಸದಾಗಿ ನೆಲೆಸಿದ ರೈತರು ಮೇಲಿಂದ ಮೇಲೆ ಬರಕ್ಕೆ ಸಿಕ್ಕಿ ಕಂಗಾಲಾಗಿದ್ದರು. ದೂರದಲ್ಲೇ ಮರ್ರೆ ನದಿ ಹರಿಯುತ್ತಿತ್ತು. ಸುಮಾರು 2,500 ಕಿ.ಮೀ. ಉದ್ದದ ಆ ನದಿಯ ನೀರು ಹೊಲಕ್ಕೆ ಬರುವ ದಾರಿ ಇರಲಿಲ್ಲ. 1883ರಲ್ಲಿ ಸಚಿವರಾಗಿ ನೀರು ಸರಬರಾಜಿನ ಖಾತೆ ಹೊತ್ತ ಡೀಕಿನ್ ಇದನ್ನೇ ತಮ್ಮ ಕೆಲಸವೆಂದು ಎತ್ತಿಕೊಂಡರು. ನೀರಾವರಿಯ ಬಗ್ಗೆ ಅಧ್ಯಯನ ನಡೆಸುವ ಆಯೋಗದ ಅಧ್ಯಕ್ಷರಾಗಿ 1884ರ ಕೊನೆಯಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು.

ಕ್ಯಾಲಿಫೋರ್ನಿಯಾದಲ್ಲಿ ಅವರು ಎರಡು ಸಂಗತಿ ಕಂಡರು. ಮೊದಲನೆಯದು, ಮರುಭೂಮಿಯಂಥ ನೆಲದಲ್ಲಿ ಎದ್ದು ನಿಂತ ಹಣ್ಣಿನ ತೋಟಗಳು. ಅಲ್ಲಿ ಒಂಟಾರಿಯೊ ಎಂಬ ನೀರಾವರಿ ಊರನ್ನು ಕಟ್ಟಿದ್ದ ಕೆನಡಾ ಮೂಲದ ಎಂಜಿನಿಯರ್ ಜಾರ್ಜ್ ಛಾಫಿ ಅವರ ಪರಿಚಯ ಆಗಲೇ ಆದದ್ದು. ಎರಡನೆಯದು, ನದಿ ದಂಡೆಯ ಭೂಮಿ ಯಾರದೋ ನೀರೂ ಅವರದೇ ಎಂಬ ಹಳೆಯ ಇಂಗ್ಲಿಷ್ ಕಾನೂನಿನಿಂದ ಹುಟ್ಟಿದ ಮುಗಿಯದ ವ್ಯಾಜ್ಯಗಳು. ದಂಡೆಯವನಿಗೂ ಕಾಲುವೆಯವನಿಗೂ ಕೋರ್ಟಿನಲ್ಲಿ ಜಗಳ ನಡೆಯುತ್ತಲೇ ಇತ್ತು.

ಊರಿಗೆ ಮರಳಿದ ಡೀಕಿನ್ 1886ರಲ್ಲಿ ನೀರಾವರಿ ಕಾಯಿದೆಯನ್ನು ತಂದರು. ನದಿಯ ನೀರಿನ ಹಕ್ಕು ಖಾಸಗಿಯವರದಲ್ಲ, ಸರ್ಕಾರದ್ದು. ಸರ್ಕಾರ ಅದನ್ನು ಸಾರ್ವಜನಿಕರ ಪರವಾಗಿ ಹಂಚಬೇಕು ಎಂಬುದು ಅದರ ತಿರುಳು. ಇಂದು ನಮಗೆ ಇದು ಸಹಜವೆನಿಸಬಹುದು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆ.

ಮಿಲ್ಡುರಾದ ಕನಸು

ಡೀಕಿನ್ ಅವರ ಉತ್ಸಾಹವನ್ನು ಕಂಡು ಜಾರ್ಜ್ ಛಾಫಿ 1886ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದರು. ತಮ್ಮ ವಿಲಿಯಂ ಸಹ ಜೊತೆಗೂಡಿದರು. ಮೆಲ್ಬರ್ನಿನಿಂದ 500 ಕಿ.ಮೀ.ಗೂ ದೂರದ ಮಿಲ್ಡುರಾ ಎಂಬ, ಕುರಿ ಸಾಕಣೆಯೂ ಕೈಗೂಡದ ಒಣ ನೆಲವನ್ನು ಆರಿಸಿಕೊಂಡರು. ಅಲ್ಲಿ ವರ್ಷಕ್ಕೆ 300 ಮಿ.ಮೀ. ಮಳೆಯೂ ಬೀಳುವುದಿಲ್ಲ. ವಿದೇಶಿಯರಿಗೆ ಇಷ್ಟು ಭೂಮಿ ಕೊಡುವುದೇ ಎಂದು ಶಾಸನಸಭೆಯಲ್ಲಿ ಗದ್ದಲವಾಯಿತು. ಡೀಕಿನ್ ಪಟ್ಟು ಬಿಡಲಿಲ್ಲ. 1887ರಲ್ಲಿ 2,50,000 ಎಕರೆಯ ಒಪ್ಪಂದವಾಯಿತು. ಅದೇ ವರ್ಷ ನೆರೆಯ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರೆನ್ಮಾರ್ಕ್ ಎಂಬ ಇನ್ನೊಂದು ನೀರಾವರಿ ಊರೂ ಛಾಫಿ ಸಹೋದರರಿಂದಲೇ ಶುರುವಾಯಿತು. ಉಗಿ ಯಂತ್ರದ ದೊಡ್ಡ ಪಂಪುಗಳು ನದಿಯ ನೀರನ್ನು ಎತ್ತಿ ಕಾಲುವೆಗೆ ಸುರಿದವು. ದ್ರಾಕ್ಷಿ, ಕಿತ್ತಳೆ ಗಿಡಗಳು ಚಿಗುರಿದವು.

ಆದರೆ ಕನಸು ಸುಲಭವಾಗಿ ನನಸಾಗಲಿಲ್ಲ. ಮಣ್ಣಿನ ಕಾಲುವೆಗಳಲ್ಲಿ ನೀರು ಸೋರಿತು. ದಂಡೆಗಳಲ್ಲಿ ಸಿಗಡಿ ಜಾತಿಯ ಸಿಹಿನೀರಿನ ಜೀವಿಗಳು ಬಿಲ ತೋಡಿ ಸೋರಿಕೆಯನ್ನು ಇನ್ನಷ್ಟು ಹೆಚ್ಚಿಸಿದವು. ಹಣ್ಣನ್ನು ಮಾರುಕಟ್ಟೆಗೆ ಸಾಗಿಸಲು ರೈಲು ಇರಲಿಲ್ಲ. ಅದು ಬಂದದ್ದು 1903ರಲ್ಲಿ. 1893ರ ಬ್ಯಾಂಕ್ ಕುಸಿತ ಉಳಿದದ್ದನ್ನೂ ನುಂಗಿತು. ಛಾಫಿ ಸಹೋದರರು ದಿವಾಳಿಯಾದರು. ಜಾರ್ಜ್ ಅಮೆರಿಕಕ್ಕೆ ಮರಳಿದರು. ವಿಲಿಯಂ ಮಾತ್ರ ಮಿಲ್ಡುರಾದಲ್ಲೇ ಉಳಿದು, ತೋಟ ಮಾಡಿ, ಮುಂದೆ ಆ ಊರಿನ ಮೇಯರ್ ಆದರು.

ಭಾರತದಲ್ಲಿ ಮೂರು ತಿಂಗಳು

ಈ ನಡುವೆ, 1890ರ ಕೊನೆಯಲ್ಲಿ ಡೀಕಿನ್ ಪತ್ರಿಕೆಯ ಪ್ರತಿನಿಧಿಯಾಗಿ ಭಾರತ ಮತ್ತು ಸಿಲೋನ್ ಪ್ರವಾಸ ಕೈಗೊಂಡರು. ಅದಕ್ಕೂ ಮೊದಲೇ ಇಟಲಿ ಮತ್ತು ಈಜಿಪ್ಟಿನ ನೀರಾವರಿಯ ಬಗ್ಗೆ ಅವರು ವರದಿ ಬರೆದಿದ್ದರು. ಭಾರತದ ನೀರಾವರಿಯ ಹರವು ಅವರನ್ನು ಬೆರಗುಗೊಳಿಸಿತು. 1893ರಲ್ಲಿ ಅವರ ಎರಡು ಪುಸ್ತಕಗಳು ಹೊರಬಂದವು. ಒಂದು ಭಾರತದ ನೀರಾವರಿಯನ್ನು ಕುರಿತದ್ದು. ಇನ್ನೊಂದು ಇಲ್ಲಿನ ದೇವಾಲಯಗಳನ್ನೂ ಗೋರಿಗಳನ್ನೂ ಕುರಿತದ್ದು.

ಆ ಹೊತ್ತಿಗೆ ನೀರಾವರಿಯ ಇನ್ನೊಂದು ಮುಖವೂ ಭಾರತದಲ್ಲಿ ಎದ್ದು ಕಾಣುತ್ತಿತ್ತು. ಪಶ್ಚಿಮ ಯಮುನಾ ಕಾಲುವೆಯ ಅಕ್ಕಪಕ್ಕದ ಹೊಲಗಳಲ್ಲಿ ನೆಲದ ಮೇಲೆ ಬಿಳಿಯ ಹೊದಿಕೆ ಹರಡಿತ್ತು. ಉತ್ತರ ಭಾರತದ ರೈತರು ಅದನ್ನು ‘ರೇಹ್’ ಎನ್ನುತ್ತಿದ್ದರು. ನಮ್ಮ ಕಡೆ ಸವಳು ಎನ್ನುತ್ತೇವೆ. 1870ರ ದಶಕದಲ್ಲೇ ಸರ್ಕಾರ ಈ ಬಗ್ಗೆ ಸಮಿತಿ ನೇಮಿಸಿತ್ತು. ಕಾಲುವೆ ನೀರು ಮಣ್ಣಿನೊಳಗೆ ಇಳಿದಿಳಿದು ಅಂತರ್ಜಲ ಮೇಲೆದ್ದರೆ ಒಳಗಿದ್ದ ಉಪ್ಪೂ ಜೊತೆಯಲ್ಲೇ ಏರುತ್ತದೆ. ನೀರು ಕೊಟ್ಟ ಕಡೆ ಬಸಿಗಾಲುವೆಯೂ ಬೇಕು, ಅಳತೆಯೂ ಬೇಕು ಎಂಬ ಪಾಠವನ್ನು ಭಾರತದ ನೆಲವೇ ಬರೆದಿಟ್ಟಿತ್ತು. ಮರ್ರೆ ದಂಡೆಯಲ್ಲಿ ಅದನ್ನು ಕಲಿಯಲು ಹಲವು ದಶಕಗಳು ಹಿಡಿದವು.

ಪ್ರಧಾನಿ ಪಟ್ಟ, ಒಂದು ಕಪ್ಪು ಗುರುತು

ಆಸ್ಟ್ರೇಲಿಯಾದ ಆರು ವಸಾಹತುಗಳನ್ನು ಒಂದು ದೇಶವಾಗಿ ಬೆಸೆಯಲು ಡೀಕಿನ್ ಊರೂರು ತಿರುಗಿ ಭಾಷಣ ಮಾಡಿದರು. 1901ರಲ್ಲಿ ಒಕ್ಕೂಟ ಹುಟ್ಟಿದಾಗ ಮೊದಲ ಅಟಾರ್ನಿ ಜನರಲ್ ಆದರು. 1903ರಿಂದ 1910ರ ನಡುವೆ ಮೂರು ಬಾರಿ ಪ್ರಧಾನಿಯಾದರು. ಬಂದ ಬಿರುದುಗಳನ್ನು ಬೇಡವೆಂದರು. ಪ್ರಧಾನಿಯಾಗಿದ್ದಾಗಲೂ ಲಂಡನ್ನಿನ ಪತ್ರಿಕೆಯೊಂದಕ್ಕೆ ಹೆಸರು ಹಾಕದೆ ಆಸ್ಟ್ರೇಲಿಯಾದ ರಾಜಕೀಯದ ಬಗ್ಗೆ ಬರೆಯುತ್ತಿದ್ದರು. ಕೆಲವೊಮ್ಮೆ ತಮ್ಮ ಬಗ್ಗೆಯೇ!

ಆದರೆ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಬಿಳಿಯರಲ್ಲದವರು ದೇಶದೊಳಗೆ ಬಾರದಂತೆ ತಡೆಯುವ 1901ರ ವಲಸೆ ನಿರ್ಬಂಧ ಕಾಯಿದೆಯನ್ನು ಬೆಂಬಲಿಸಿದ ಪ್ರಮುಖರಲ್ಲಿ ಡೀಕಿನ್ ಒಬ್ಬರು. ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ ಉಕ್ತಲೇಖನ ಬರೆಯಬೇಕೆಂಬ ಪರೀಕ್ಷೆ ಇಟ್ಟು ಜನರನ್ನು ಹಿಂದಕ್ಕೆ ಕಳಿಸಲಾಯಿತು. ಆಗ ಆ ದೇಶದ ಒಳನಾಡಿಗೆ ಒಂಟೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವರು ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್ ಕಡೆಯಿಂದ ಹೋದ ಜನ. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಅಡಿಲೇಡ್ ನಗರದ ಹಳೆಯ ಮಸೀದಿ ಅವರ ಕಾಲದ್ದು. ಭಾರತದ ಜ್ಞಾನದ ಬಗ್ಗೆ ಪುಸ್ತಕ ಬರೆದವರೇ ಭಾರತೀಯರಿಗೆ ಬಾಗಿಲು ಮುಚ್ಚುವ ಕಾಯಿದೆಗೆ ಕೈ ಎತ್ತಿದರು. ಒಬ್ಬ ವ್ಯಕ್ತಿಯ ಬದುಕನ್ನು ಓದುವಾಗ ಒಳ್ಳೆಯದರ ಜೊತೆಗೆ ತಪ್ಪನ್ನೂ ಓದಬೇಕು.

ಡೀಕಿನ್ ಅವರ ಕೊನೆಯ ವರ್ಷಗಳು ಬಹಳ ದುಃಖದವು. ಅದ್ಭುತ ಮಾತುಗಾರರೆಂದು ಹೆಸರಾದವರ ನೆನಪಿನ ಶಕ್ತಿ ಕ್ರಮೇಣ ಕುಂದಿತು. ಓದಿದ ಪುಸ್ತಕ, ಆಡಿದ ಮಾತು ಯಾವುದೂ ನಿಲ್ಲದಾಯಿತು. 1913ರಲ್ಲಿ ರಾಜಕೀಯದಿಂದ ನಿವೃತ್ತರಾದರು. 1919ರ ಅಕ್ಟೋಬರ್ 7ರಂದು, 63ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೆಲದಡಿಯ ಉಪ್ಪಿನ ಸಮುದ್ರ

ಡೀಕಿನ್ ಹೋದರು, ಮಿಲ್ಡುರಾದ ತೋಟಗಳು ಉಳಿದವು, ಬೆಳೆದವು. ನೆಲದಡಿಯಲ್ಲಿ ಮಾತ್ರ ಬೇರೆಯೇ ಕೆಲಸ ನಡೆಯುತ್ತಿತ್ತು.

ಮರ್ರೆ ನದಿಯ ಕೆಳಭಾಗದ ಬಯಲು ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದಡಿ ಇದ್ದ ಪ್ರದೇಶ. ಗಾಳಿ, ಮಳೆಯ ಜೊತೆ ಬಂದ ಉಪ್ಪೂ ಅಲ್ಲಿ ಯುಗಯುಗಗಳಿಂದ ಸೇರಿದೆ. ಕೆಲವೆಡೆ ಅಲ್ಲಿನ ಅಂತರ್ಜಲ ಸಮುದ್ರದ ನೀರಿನಷ್ಟೇ ಉಪ್ಪು. ಆಳಕ್ಕೆ ಬೇರು ಬಿಡುವ ಮ್ಯಾಲಿ ಎಂಬ ನೀಲಗಿರಿ ಜಾತಿಯ ಗಿಡಗಳು ಬಿದ್ದ ಮಳೆಯನ್ನೆಲ್ಲ ಹೀರಿಕೊಂಡು ಆ ಉಪ್ಪುನೀರು ಮೇಲೇಳದಂತೆ ಕಾಯುತ್ತಿದ್ದವು. ಗಿಡಗಳನ್ನು ಕಡಿದು ತೋಟ ಮಾಡಿ, ಸಾಲುಗಳಲ್ಲಿ ನೀರನ್ನು ಧಾರಾಳವಾಗಿ ಹಾಯಿಸಿದಾಗ ಹೆಚ್ಚಾದ ನೀರು ಬೇರನ್ನು ದಾಟಿ ಕೆಳಗಿಳಿಯಿತು. ಅಂತರ್ಜಲ ಏರಿತು. ಏರಿದ ಉಪ್ಪುನೀರು ತಗ್ಗಿನ ಕಡೆಗೆ, ಅಂದರೆ ನದಿಯ ಕಡೆಗೇ ನುಗ್ಗಿತು. ಮೇಲಿನ ಊರಿನ ತೋಟ ಕುಡಿದು ಮಿಕ್ಕ ನೀರು ಉಪ್ಪಾಗಿ ನದಿ ಸೇರಿ, ಕೆಳಗಿನ ಊರಿನ ತೋಟಕ್ಕೂ ಕುಡಿಯುವ ಕೊಳಾಯಿಗೂ ತಲುಪಿತು. ಅಡಿಲೇಡ್ ನಗರ ಇಂದಿಗೂ ತನ್ನ ನೀರಿನ ಒಂದು ದೊಡ್ಡ ಪಾಲನ್ನು ಈ ನದಿಯಿಂದಲೇ ಪಡೆಯುತ್ತದೆ.

ಪರಿಹಾರ ಸುಲಭವಲ್ಲ. ನೀರನ್ನು ತೀರಾ ಕಡಿಮೆ ಕೊಟ್ಟರೆ ಉಪ್ಪು ಬೇರಿನ ಬಳಿಯೇ ಕೂಡಿ ಗಿಡ ಸಾಯುತ್ತದೆ. ತೀರಾ ಹೆಚ್ಚು ಕೊಟ್ಟರೆ ಉಪ್ಪು ನದಿಗೆ ಹೋಗುತ್ತದೆ. ಗಿಡಕ್ಕೆ ಬೇಕಾದಷ್ಟು ಕೊಟ್ಟು, ಬೇರಿನ ಉಪ್ಪನ್ನು ತೊಳೆಯುವಷ್ಟು ಮಾತ್ರ ಸ್ವಲ್ಪ ಹೆಚ್ಚು ಕೊಟ್ಟು, ಅಲ್ಲಿಗೆ ನಿಲ್ಲಿಸಬೇಕು. ಆ ಅಳತೆಯೇ ಎಲ್ಲದರ ಮೂಲ.

ಲೆಕ್ಕಕ್ಕೆ ಬಂದ ಉಪ್ಪು

1988ರಲ್ಲಿ ರಾಜ್ಯಗಳೂ ಕೇಂದ್ರವೂ ಸೇರಿ ಉಪ್ಪು ಮತ್ತು ಬಸಿನೀರಿನ ಒಂದು ಜಂಟಿ ಯೋಜನೆಗೆ ಒಪ್ಪಿದವು. ಉಪ್ಪಿಗೂ ಬ್ಯಾಂಕ್ ಪುಸ್ತಕದಂತೆ ಜಮಾ ಖರ್ಚಿನ ಲೆಕ್ಕ ಬಂತು. ಒಂದು ರಾಜ್ಯ ಹೊಸ ನೀರಾವರಿಯಿಂದ ನದಿಗೆ ಉಪ್ಪು ಸೇರಿಸಿದರೆ, ಬೇರೆ ಕೆಲಸದಿಂದ ಅಷ್ಟು ಉಪ್ಪನ್ನು ತಗ್ಗಿಸಿ ಸರಿದೂಗಿಸಬೇಕು. ದಕ್ಷಿಣ ಆಸ್ಟ್ರೇಲಿಯಾದ ಮಾರ್ಗನ್ ಎಂಬ ಊರಿನ ಬಳಿ ನದಿಯ ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುತ್ತಾರೆ. ಭೌತಶಾಸ್ತ್ರ ಓದುವವರಿಗೆ ಗೊತ್ತಿರುವಂತೆ, ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆ ಅಳತೆ ವರ್ಷದ 95% ಕಾಲ 800 ಮಾನಕ್ಕಿಂತ ಕೆಳಗಿರಬೇಕೆಂಬುದು ಗುರಿ. ಅಂದರೆ ಲೀಟರಿಗೆ ಸುಮಾರು ಅರ್ಧ ಗ್ರಾಂ ಉಪ್ಪು.

ಕೆಲವೆಡೆ ಉಪ್ಪುನೀರು ನದಿ ಸೇರುವ ಮುಂಚೆಯೇ ಅದನ್ನು ಪಂಪುಗಳಿಂದ ಮೇಲೆತ್ತಿ ದೂರದ ಹೊಂಡಗಳಿಗೆ ಸಾಗಿಸಿ ಬತ್ತಿಸುತ್ತಾರೆ. ಆದರೆ ಇದು ನೆಲ ಒರೆಸುವ ಕೆಲಸ; ನಲ್ಲಿ ನಿಲ್ಲಿಸುವ ಕೆಲಸ ನಡೆದದ್ದು ತೋಟಗಳಲ್ಲಿ. ಸಾಲು ನೀರಾವರಿಯ ಬದಲು ಗಿಡದ ಬುಡಕ್ಕೆ ತುಂತುರು ಮತ್ತು ಹನಿ ನೀರಾವರಿ ಬಂತು. ತೆರೆದ ಮಣ್ಣಿನ ಕಾಲುವೆಗಳ ಬದಲು ಹಲವೆಡೆ ಕೊಳವೆಗಳು ಬಂದವು. ಮಣ್ಣಿನಲ್ಲಿ ತೇವಾಂಶ ಅಳೆಯುವ ಸಾಧನ ಹುಗಿದು, ಸರದಿ ಬಂತೆಂದು ನೀರು ಬಿಡುವ ಬದಲು ಗಿಡಕ್ಕೆ ಬೇಕಾದಾಗ ಮಾತ್ರ ಬಿಡುವ ರೂಢಿ ಬಂತು. ಬೇರಿನಾಚೆ ಇಳಿಯುವ ನೀರು ಕಡಿಮೆಯಾಯಿತು, ನದಿಗೆ ಸೇರುವ ಉಪ್ಪೂ ಕಡಿಮೆಯಾಯಿತು. ಮಾರ್ಗನ್ನಿನ ಗುರಿಯನ್ನು ಮುಟ್ಟಲು ಸಾಧ್ಯವಾಯಿತು. ಆದರೂ ನೆಲದಡಿಯ ಉಪ್ಪು ಅಲ್ಲೇ ಇದೆ. ಈ ಕಾವಲು ಎಂದೂ ಮುಗಿಯುವಂಥದ್ದಲ್ಲ.

ಇಲ್ಲಿ ಡೀಕಿನ್ ಅವರ ಹಳೆಯ ಕಾಯಿದೆಗೆ ಮತ್ತೆ ಮರಳಬೇಕು. ನೀರು ಎಲ್ಲರದು ಎಂದು 1886ರಲ್ಲೇ ಒಪ್ಪಿದ್ದರಿಂದ, ಅದನ್ನು ಅಳೆದು ಕೊಡುವ, ಹಾಳುಮಾಡಿದವರನ್ನು ಲೆಕ್ಕ ಕೇಳುವ ಅಧಿಕಾರ ಮುಂದಿನವರಿಗೆ ದೊರೆಯಿತು. ನೀರು ತರುವ ಅವಸರದಲ್ಲಿ ಅವರ ಕಾಲದವರು ಉಪ್ಪಿನ ಲೆಕ್ಕ ಬಿಟ್ಟರು. ಆದರೆ ಆ ಲೆಕ್ಕ ಬರೆಯಲು ಬೇಕಾದ ಪುಸ್ತಕವನ್ನು ಕೊಟ್ಟು ಹೋದರು.

ನಮ್ಮ ಹೊಲದ ಮಾತು

ಡೀಕಿನ್ ಅವರಿಗಿಂತ ಕೆಲವೇ ವರ್ಷ ಚಿಕ್ಕವರಾದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿ ತಂದದ್ದು ನಮಗೆ ಗೊತ್ತು. ಕಾಲುವೆಯ ತಲೆಯಲ್ಲಿರುವವನು ನೀರನ್ನೆಲ್ಲ ಬಾಚಿಕೊಂಡು ನೆಲವನ್ನು ಜೌಗು ಮಾಡದಂತೆ, ನೀರು ಹೆಚ್ಚು ಜನರಿಗೆ ಅಳತೆಯಲ್ಲಿ ತಲುಪುವಂತೆ ಮಾಡುವುದೇ ಅದರ ಉದ್ದೇಶವಾಗಿತ್ತು.

ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು ಭಾಗಕ್ಕೆ ಹೋದರೆ ಹಸಿರು ಭತ್ತದ ಗದ್ದೆಗಳ ನಡುವೆ ಬಿಳಿ ಮೆತ್ತಿದ ಬಂಜರು ತುಂಡುಗಳು ಕಾಣುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಗೆಂದೇ ಸಂಶೋಧನೆ ನಡೆಯುತ್ತಿದೆ. ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ನೆಲ ಕೆಡುತ್ತದೆ, ಕೊನೆಯ ಭಾಗದ ರೈತ ನೀರಿಲ್ಲದೆ ಕಾಯುತ್ತಾನೆ. ಹೆಚ್ಚು ನೀರು ಹೆಚ್ಚು ಬೆಳೆ ಎಂಬ ನಂಬಿಕೆ ಇಬ್ಬರಿಗೂ ನಷ್ಟ ತರುತ್ತದೆ.

ಗೆಳೆಯರೇ, ನಮ್ಮಲ್ಲಿ ಅನೇಕರು ರೈತರ ಮನೆಯಿಂದ ಬಂದವರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಹೊಲಕ್ಕೆ ನೀರು ಬಿಡುವ ಮುನ್ನ ಒಂದು ಗೇಣು ಆಳ ಕೆದಕಿ ಮಣ್ಣನ್ನು ಕೈಯಲ್ಲಿ ಹಿಡಿದು ನೋಡೋಣ. ಒದ್ದೆ ಇದ್ದರೆ ಆ ದಿನ ನೀರು ಬೇಡ. ಬದುವಿನ ಮೇಲೆ ಬಿಳಿ ಕಂಡರೆ ಹಿರಿಯರ ಗಮನಕ್ಕೆ ತರೋಣ. ಲೆಕ್ಕ ಸರಿಯಿಲ್ಲದ ಗೆಲುವನ್ನು ಬಿಟ್ಟುಕೊಟ್ಟ 22ರ ತರುಣನ ಕಥೆಯಿಂದ ಕಲಿಯಲು ಇಷ್ಟು ಸಾಕು. ಮನುಷ್ಯನ ನೆನಪು ಅಳಿಸಿಹೋಗಬಹುದು. ಮಣ್ಣು ಮಾತ್ರ ತನಗೆ ಹಾಕಿದ ಪ್ರತಿಯೊಂದು ಹಿಡಿ ಉಪ್ಪಿನ ಲೆಕ್ಕ ಇಟ್ಟಿರುತ್ತದೆ.